ಬೈಯೋಕಂತಲೇ ಕಾದು ನೋಡುವ ಪಾತ್ರಗಳು: 'ಲವ್ ಟು ಹೇಟ್' ಅಂದರೆ ಏನು?

ತುಂಗೆತೀರ
ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲಿಷ್ ಸೀರೀಸ್‌ಗಳ ಬಗ್ಗೆ ಕನ್ನಡದಲ್ಲಿ ಸಣ್ಣ ಸಣ್ಣ ಪರಿಚಯ ಬರೆಯುತ್ತಿರುತ್ತೇನೆ. ಈಗ ಕೆಟ್ಟ ಪಾತ್ರಗಳ ಬಗ್ಗೆ ಒಂದು ಬರಹ ಶುರು ಮಾಡಿದ್ದೇನೆ. ಅದಕ್ಕೆ ಅಂತ ಇಂಗ್ಲಿಷ್ ವಿಮರ್ಶೆ ಓದುತ್ತಾ ಕೂತರೆ ತಲೆ ಗೊಜ್ಜಾಗಿದೆ. ಒಂದೇ ಪಾತ್ರವನ್ನು ಒಬ್ಬರು 'ದ ಮ್ಯಾನ್ ಯೂ ಲವ್ ಟು ಹೇಟ್' ಅಂತಾರೆ. ಇನ್ನೊಬ್ಬರು ಅವನ ಜೊತೆ ನಮಗೆ 'ಲವ್-ಹೇಟ್' ಸಂಬಂಧ ಅಂತಾರೆ. ಮತ್ತೊಬ್ಬರು 'ಮಾರ್ಮೈಟ್ ಕ್ಯಾರೆಕ್ಟರ್' ಅಂತಾರೆ. ಬೇರೆ ಕಡೆ 'ಹೇಟ್-ವಾಚಿಂಗ್' ಅಂತಲೂ ಇತ್ತು.

ಎಲ್ಲದಕ್ಕೂ 'ಪ್ರೀತಿ ದ್ವೇಷ ಎರಡನ್ನೂ ಹುಟ್ಟಿಸುವ ಪಾತ್ರ' ಅಂತ ಬರೆದುಬಿಟ್ಟರೆ ನಡೆಯುತ್ತಾ? ನನಗ್ಯಾಕೋ ಇವು ಬೇರೆ ಬೇರೆ ಅನ್ನಿಸ್ತಿದೆ. ಇನ್ನೂ ಒಂದು ಪ್ರಶ್ನೆ: ಕಂಡರಾಗದ ಪಾತ್ರವೊಂದು ಇಡೀ ಧಾರಾವಾಹಿಯಲ್ಲೇ ಜನಪ್ರಿಯ ಆಗೋದು ಹೇಗೆ? ತಿಳಿದವರು ಹೇಳಿ.

ಹಾಸನದ ಮೇಷ್ಟ್ರು
ನಿಮ್ಮ ಅನುಮಾನ ಸರಿಯಾಗಿದೆ ಮೇಡಂ. ಬೇರೆ ಬೇರೆಯೇ.

ಮೊದಲು 'ಲವ್ ಟು ಹೇಟ್' ತಗೊಳ್ಳಿ. ಇಲ್ಲಿ 'ಲವ್' ಆ ಮನುಷ್ಯನ ಮೇಲೆ ಬಿದ್ದಿಲ್ಲ, 'ಹೇಟ್' ಅನ್ನೋ ಕೆಲಸದ ಮೇಲೆ ಬಿದ್ದಿದೆ. 'ಐ ಲವ್ ಟು ಸ್ವಿಮ್' ಅಂದರೆ ಈಜೋದಂದ್ರೆ ಇಷ್ಟ ಅಂತ, ಅಲ್ವಾ? ಹಾಗೇ ಇದೂ. ಅವನನ್ನು ದ್ವೇಷಿಸೋದಂದ್ರೆ ಇಷ್ಟ. ಅವನು ಬಂದ ಅಂದರೆ ಹಲ್ಲು ಕಡಿಯುತ್ತೇವೆ, ಹಾಗೆ ಕಡಿಯೋದರಲ್ಲೇ ಒಂದು ಖುಷಿ ಇದೆ. ಅವನ ಬಗ್ಗೆ ಒಂದು ಚೂರೂ ಮಮತೆ ಇಲ್ಲದೆಯೂ ಈ ಮಾತು ಹೇಳಬಹುದು.

'ಲವ್-ಹೇಟ್' ಹಾಗಲ್ಲ. ಅಲ್ಲಿ ನಿಜವಾಗಿಯೂ ಎರಡು ಭಾವನೆ ಇರುತ್ತವೆ, ಒಂದು ದಿನ ಇದು, ಒಂದು ದಿನ ಅದು. ಅಣ್ಣ ತಮ್ಮಂದಿರ ನಡುವೆ, ಗಂಡ ಹೆಂಡತಿ ನಡುವೆ ಇರಬಹುದಾದದ್ದು. ಇದಕ್ಕೆ ನಿಮ್ಮ 'ಪ್ರೀತಿ ದ್ವೇಷ ಎರಡೂ' ಸರಿಹೊಂದುತ್ತೆ. ಮೊದಲನೆಯದಕ್ಕೆ ಹೊಂದಲ್ಲ.

'ಲವ್ ಟು ಹೇಟ್' ಹರಡಿದ ಕಥೆಯೂ ಹೇಳಿಬಿಡ್ತೀನಿ. ಟಿವಿ ಬರೋದಕ್ಕೆ ಎಷ್ಟೋ ಮುಂಚಿನದು. ಎರಿಕ್ ಫಾನ್ ಸ್ಟ್ರೋಹೈಮ್ ಅಂತ ಒಬ್ಬ ನಟ. 1885ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವನು, ಟೋಪಿ ವ್ಯಾಪಾರಿಯ ಮಗ. 1909ರಲ್ಲಿ ಅಮೆರಿಕಕ್ಕೆ ಹೋಗಿ ತಾನು ದೊಡ್ಡ ಮನೆತನದವನು ಅಂತ ಹೇಳಿಕೊಂಡು ಸಿನಿಮಾಕ್ಕೆ ಸೇರಿದ. ಮೊದಲ ಮಹಾಯುದ್ಧದ ಹೊತ್ತಿಗೆ ಹಾಲಿವುಡ್‌ಗೆ ಕ್ರೂರ ಜರ್ಮನ್ ಅಧಿಕಾರಿಗಳು ಬೇಕಾಗಿದ್ದರು. ಬೋಳು ತಲೆ, ಬಿಗಿದ ಕಾಲರ್, ಒಂದು ಕಣ್ಣಿಗೆ ಗಾಜು. ಇವನು ಹೇಳಿ ಮಾಡಿಸಿದ ಹಾಗಿದ್ದ. ಒಂದು ಮೂಕಿ ಚಿತ್ರದಲ್ಲಿ ಅಳುತ್ತಿರೋ ಮಗುವನ್ನು ಎತ್ತಿ ಕಿಟಕಿಯಿಂದ ಹೊರಗೆ ಎಸೆದುಬಿಡ್ತಾನೆ. ಅವನ ಚಿತ್ರಗಳ ಪ್ರಚಾರಕ್ಕೆ 'ದ ಮ್ಯಾನ್ ಯೂ ಲವ್ ಟು ಹೇಟ್' ಅನ್ನೋ ಬಿರುದು ಅಂಟಿಕೊಂಡಿತು. ಜಾಹೀರಾತಿನವರಿಗೆ ಗೊತ್ತಿತ್ತು, ಜನ ದುಡ್ಡು ಕೊಟ್ಟು ದ್ವೇಷಿಸೋಕೆ ಬರ್ತಾರೆ ಅಂತ.

ತುಂಗೆತೀರ
ತುಂಬಾ ಥ್ಯಾಂಕ್ಸ್ ಸರ್. 'ಈಜೋದಂದ್ರೆ ಇಷ್ಟ' ಅಂದಿರಲ್ಲ, ಅಲ್ಲಿ ಪಕ್ಕನೆ ಹೊಳೆಯಿತು. ಹಾಗಾದರೆ ಟಿವಿಯಲ್ಲಿ ಇದಕ್ಕೆ ಎಲ್ಲರೂ ಒಪ್ಪುವ ಉದಾಹರಣೆ ಯಾವುದು?

ಹಳೇ ಟಿವಿ
ಜೆ.ಆರ್. ಯೂಯಿಂಗ್. ಎರಡನೇ ಮಾತೇ ಇಲ್ಲ.

'ಡಲ್ಲಾಸ್' ಅಂತ ಅಮೆರಿಕದ ಸಿಬಿಎಸ್ ಚಾನೆಲ್‌ನ ಧಾರಾವಾಹಿ. 1978ರ ಏಪ್ರಿಲ್‌ನಲ್ಲಿ ಐದೇ ಕಂತುಗಳಾಗಿ ಶುರುವಾಯಿತು, 1991ರ ತನಕ ನಡೆಯಿತು. ಟೆಕ್ಸಸ್‌ನ ಎಣ್ಣೆ ಬಾವಿ ಸಾಹುಕಾರರ ಮನೆತನದ ಕಥೆ. ಶುರುವಿನಲ್ಲಿ ಕಥೆಯ ಕೇಂದ್ರ ಕಿರಿಯ ಮಗ ಬಾಬಿ ಮತ್ತು ಅವನ ಹೆಂಡತಿ ಪ್ಯಾಮ್. ಇಬ್ಬರ ಮನೆಯವರಿಗೂ ಹಳೇ ವೈರ, ಎಣ್ಣೆ ಸೀಗೆಕಾಯಿ ಸಂಬಂಧ. ಹಿರಿಯ ಮಗ ಜೆ.ಆರ್. ಪಕ್ಕದಲ್ಲಿ ನಿಂತು ತಂದಿಡುವ ಪಾತ್ರ, ಅಷ್ಟೇ. ಆದರೆ ಆ ಪಾತ್ರ ಮಾಡಿದ ಲ್ಯಾರಿ ಹ್ಯಾಗ್‌ಮನ್ ಇಡೀ ಧಾರಾವಾಹಿಯನ್ನೇ ತನ್ನ ಕಡೆ ಎಳೆದುಕೊಂಡುಬಿಟ್ಟ.

ಹೇಗೆ ಅಂತ ಕೇಳಿದರೆ ನಾನು ಅವನ ನಗು ತೋರಿಸ್ತೀನಿ. ಯಾರನ್ನಾದರೂ ಮುಳುಗಿಸಿದ ಮೇಲೆ ಜೆ.ಆರ್. ನಗುತ್ತಾನೆ. ಗಹಗಹಿಸಿ ನಗೋದಲ್ಲ. ಟೋಪಿ ಸರಿಮಾಡಿಕೊಂಡು, ಬಾಯಿ ಅಗಲ ಮಾಡಿ, ಹಲ್ಲು ಕಾಣಿಸಿ, ಕಣ್ಣಲ್ಲಿ ಮಿಂಚು ತಂದುಕೊಂಡು ನಗುತ್ತಾನೆ. ಎದುರಿಗಿರುವವನಿಗೆ ಅದು ಸ್ನೇಹದ ನಗು. ನಮಗೆ ಮಾತ್ರ ಗೊತ್ತು, ಅವನ ಕಥೆ ಮುಗೀತು ಅಂತ. ಹೀಗೆ ಅವನ ಗುಟ್ಟಿನಲ್ಲಿ ನಮ್ಮನ್ನೂ ಸೇರಿಸಿಕೊಳ್ಳುತ್ತಾನೆ. ಮನೆಯಲ್ಲಿ ಬೇರೆ ಎಲ್ಲರೂ ಅಳುತ್ತಿರುತ್ತಾರೆ, ಕೊರಗುತ್ತಿರುತ್ತಾರೆ. ಇವನೊಬ್ಬನಿಗೇ ತಾನು ಮಾಡೋ ಕೆಲಸದಲ್ಲಿ ಸಂತೋಷ. ಅದನ್ನು ನೋಡ್ತಾ ಕೂರೋದು ಸುಲಭ.

ಆಮೇಲೆ ಬರೆಯೋರ ಚಳಕ. 1980ರ ಮಾರ್ಚ್ 21ರಂದು ಆ ಸೀಸನ್‌ನ ಕೊನೇ ಕಂತು. ಅಷ್ಟು ಹೊತ್ತಿಗೆ ಜೆ.ಆರ್. ಸರ್ಕಾರದ ವಶಕ್ಕೆ ಹೋಗಲಿರುವ ಏಷ್ಯಾದ ಎಣ್ಣೆ ಬಾವಿಗಳನ್ನು, ಆ ವಿಷಯ ಗೊತ್ತಿದ್ದೂ, ಸ್ನೇಹಿತರ ತಲೆಗೆ ಕಟ್ಟಿದ್ದ. ಹೆಂಡತಿ ಸೂ ಎಲನ್‌ಳನ್ನು ಆಸ್ಪತ್ರೆಗೆ ಸೇರಿಸೋಕೆ ಹೊಂಚು ಹಾಕಿದ್ದ. ತಮ್ಮ ಮನೆ ಬಿಟ್ಟು ಹೋಗುವ ಹಾಗೆ ಮಾಡಿದ್ದ. ರಾತ್ರಿ ಆಫೀಸಿನಲ್ಲಿ ಒಬ್ಬನೇ ಇದ್ದಾಗ ಹೊರಗೆ ಸದ್ದಾಗುತ್ತೆ, ಯಾರದು ಅಂತ ನೋಡೋಕೆ ಹೋಗ್ತಾನೆ, ಎರಡು ಗುಂಡು ಬೀಳುತ್ತೆ. ಹೊಡೆದವರ ಮುಖ ತೋರಿಸಲ್ಲ. ಸಂಶಯ ಪಡೋಕೆ ಒಬ್ಬರಲ್ಲ ಇಬ್ಬರಲ್ಲ, ಊರಿಗೆ ಊರೇ ಇತ್ತು!

'ಹೂ ಶಾಟ್ ಜೆ.ಆರ್.?' ಆ ಬೇಸಿಗೆಯಲ್ಲಿ ಅಮೆರಿಕದಲ್ಲಿ, ಬ್ರಿಟನ್‌ನಲ್ಲಿ ಎಲ್ಲರ ಬಾಯಲ್ಲೂ ಇದೇ. ಟೈಮ್ ಪತ್ರಿಕೆಯ ಮುಖಪುಟದಲ್ಲೂ ಬಂತು. ನಟರ ಮುಷ್ಕರದಿಂದ ಉತ್ತರ ಇನ್ನೂ ತಡವಾಯಿತು. ಗುಟ್ಟು ಹೊರಗೆ ಬೀಳಬಾರದು ಅಂತ ಬೇರೆ ಬೇರೆ ನಟರ ಕೈಗೆ ಪಿಸ್ತೂಲು ಕೊಟ್ಟು ಗುಂಡು ಹಾರಿಸುವ ದೃಶ್ಯ ಚಿತ್ರೀಕರಿಸಿ ಇಟ್ಟಿದ್ದರು. ಕೊನೆಗೆ ನವೆಂಬರ್ 21ರಂದು ಉತ್ತರ ಸಿಕ್ಕಿತು: ಅವನ ನಾದಿನಿ ಕ್ರಿಸ್ಟಿನ್. ಅಮೆರಿಕ ಒಂದರಲ್ಲೇ ಸುಮಾರು 8.3 ಕೋಟಿ ಜನ ಆ ಕಂತು ನೋಡಿದರು ಅನ್ನೋ ಅಂದಾಜಿದೆ. ಆಗ ಆ ದೇಶದ ಜನಸಂಖ್ಯೆ 22.6 ಕೋಟಿ.

ಗಮನಿಸಿ, ಅಷ್ಟೂ ಜನ ಟಿವಿ ಮುಂದೆ ಕೂತದ್ದು ಒಬ್ಬ ಮೋಸಗಾರನಿಗೋಸ್ಕರ. ಅವನು ಸತ್ತಿದ್ದರೆ ಧಾರಾವಾಹಿಯೇ ಸಾಯುತ್ತಿತ್ತು. ಅದು ಹ್ಯಾಗ್‌ಮನ್‌ಗೂ ಗೊತ್ತಿತ್ತು. ಆ ಬೇಸಿಗೆಯಲ್ಲೇ ಸಂಬಳ ಜಾಸ್ತಿ ಮಾಡಿ ಅಂತ ಪಟ್ಟು ಹಿಡಿದು ಕೂತ, ಕಂಪನಿ ಮಣಿಯಿತು.

ಸೀರಿಯಲ್ ಪ್ರಿಯೆ
ಅಬ್ಬಾ, ಎಷ್ಟು ಚೆನ್ನಾಗಿ ಬರೆದಿದ್ದೀರಿ. ಹಾಗಾದ್ರೆ 'ಬ್ರೇಕಿಂಗ್ ಬ್ಯಾಡ್'ನ ಸ್ಕೈಲರ್ ಕೂಡ ಇದೇ ಸಾಲಿಗೆ ಸೇರ್ತಾಳೆ ಅಲ್ವಾ? ಅವಳನ್ನು ಬೈಯದವರೇ ಇಲ್ಲ. ಧಾರಾವಾಹಿ ಅಂತೂ ಸಿಕ್ಕಾಪಟ್ಟೆ ಫೇಮಸ್.

ನೈಟ್ ಶಿಫ್ಟ್
ಇಲ್ಲಿ ನಾನು ಒಪ್ಪಲ್ಲ ಅಕ್ಕ. ಸ್ಕೈಲರ್ 'ಲವ್ ಟು ಹೇಟ್' ಅಲ್ಲವೇ ಅಲ್ಲ. ಅವಳ ಮೇಲಿದ್ದದ್ದು ಬರೀ ಹೇಟ್. ಅದೂ ನನ್ನ ಪ್ರಕಾರ ಅನ್ಯಾಯದ್ದು.

ಯೋಚನೆ ಮಾಡಿ. ಗಂಡ ವಾಲ್ಟರ್ ಮಾದಕ ವಸ್ತು ತಯಾರಿಸ್ತಾನೆ, ಕೊಲೆ ಮಾಡ್ತಾನೆ, ಮನೆಯಲ್ಲಿ ಬಾಯಿ ತೆರೆದರೆ ಸುಳ್ಳು. ಅದನ್ನು ಪ್ರಶ್ನೆ ಮಾಡುವ ಹೆಂಡತಿ ಈಕೆ. ನಾವೆಲ್ಲ ವಾಲ್ಟರ್‌ನ ಜೊತೆ ಹೊರಟವರು, ಆಟ ಮುಂದುವರಿಯಲಿ ಅಂತ ಆಸೆ ಪಡೋರು. ಆಟಕ್ಕೆ ಅಡ್ಡ ಬರೋಳು ಇವಳು. ಅದಕ್ಕೇ ಕೋಪ. ಜೆ.ಆರ್. ತೆರೆ ಮೇಲೆ ಬಂದರೆ ಜನ ಮುಂದಕ್ಕೆ ಬಾಗಿ ಕೂರುತ್ತಿದ್ದರು. ಸ್ಕೈಲರ್ ಬಂದರೆ ಇವಳು ಯಾವಾಗ ಹೋಗ್ತಾಳೋ ಅಂತಿದ್ದರು. ಇದಕ್ಕೂ ಅದಕ್ಕೂ ಅಜಗಜಾಂತರ.

ಆ ಸಿಟ್ಟು ಪಾತ್ರದಲ್ಲಿ ನಿಲ್ಲಲೂ ಇಲ್ಲ. ಆ ಪಾತ್ರ ಮಾಡಿದ ಆ್ಯನಾ ಗನ್ 2013ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಒಂದು ಲೇಖನ ಬರೆದರು. ಸ್ಕೈಲರ್‌ನ ದ್ವೇಷಕ್ಕೆ ಅಂತಲೇ ಫೇಸ್‌ಬುಕ್ ಪುಟಗಳು ಹುಟ್ಟಿಕೊಂಡಿದ್ದು, ಬರ್ತಾ ಬರ್ತಾ ಅದು ತಮ್ಮ ಮೇಲೇ ತಿರುಗಿದ್ದು, ಕೊಲ್ಲುವ ಮಾತಿನವರೆಗೂ ಹೋದದ್ದು, ಎಲ್ಲ ಹೇಳಿದ್ದಾರೆ. ಗಂಡನ ಎದುರು ನಿಲ್ಲುವ ಹೆಂಗಸನ್ನು ಜನ ಹೇಗೆ ನೋಡ್ತಾರೆ ಅನ್ನೋದು ಇದರಲ್ಲಿ ಕಾಣುತ್ತೆ ಅಂತ ಅವರ ಮಾತಿನ ತಾತ್ಪರ್ಯ. ಮುಂದಿನ ತಿಂಗಳೇ ಅದೇ ಪಾತ್ರಕ್ಕೆ ಎಮ್ಮಿ ಅನ್ನೋ ಟಿವಿ ಪ್ರಶಸ್ತಿ ಬಂತು, ಮರುವರ್ಷ ಮತ್ತೆ ಬಂತು.

ಸೀರಿಯಲ್ ಪ್ರಿಯೆ
ಈ ದೃಷ್ಟಿಯಲ್ಲಿ ನೋಡಿರಲಿಲ್ಲ. ಆದರೂ ಒಂದು ಮಾತು. ಕೆಲವರಿಗೆ ಅವಳನ್ನು ಬೈಯೋದೇ ಖುಷಿಯಾಗಿತ್ತಲ್ಲ? ಅವರ ಮಟ್ಟಿಗೆ ಅದು 'ಲವ್ ಟು ಹೇಟ್' ಅಲ್ವಾ?

ರಿಂಗ್ ಸೈಡ್
ನಾನು ಹೇಳಬಹುದಾ? ಈ ವ್ಯತ್ಯಾಸಕ್ಕೆ ಸರಿಯಾದ ಮಾತು ಕುಸ್ತಿಯವರ ಹತ್ತಿರ ಇದೆ. ಮಣ್ಣಿನ ಅಖಾಡದ ಕುಸ್ತಿ ಅಲ್ಲ, ತೊಂಬತ್ತರ ದಶಕದಲ್ಲಿ ನಾವೆಲ್ಲ ಕೇಬಲ್ ಟಿವಿಯಲ್ಲಿ ನೋಡಿ, ಟ್ರಂಪ್ ಕಾರ್ಡ್ ಆಡಿ ಬೆಳೆದ ಅಮೆರಿಕದ ರೆಸ್ಲಿಂಗ್.

ಅಲ್ಲಿ ಒಳ್ಳೆಯವನ ಪಾತ್ರಕ್ಕೆ 'ಬೇಬಿಫೇಸ್', ಸುಮ್ಮನೆ 'ಫೇಸ್' ಅಂತಲೂ ಅಂತಾರೆ. ಕೆಟ್ಟವನಿಗೆ 'ಹೀಲ್'. ಜನ ಬೂ ಅಂತ ಕೂಗಿದರೆ ಹೀಲ್‌ಗೆ ಅದೇ ಸಂಪಾದನೆ, ಅದಕ್ಕೆ 'ಹೀಟ್' ಅಂತ ಹೆಸರು. ಎಷ್ಟು ಹೀಟ್ ಬಂತೋ ಅಷ್ಟು ಟಿಕೆಟ್ ಹೋಗುತ್ತೆ, ಯಾಕಂದ್ರೆ ಜನ ಅವನು ಏಟು ತಿನ್ನೋದನ್ನು ನೋಡೋಕೆ ಬರ್ತಾರೆ. ಊರಿನ ಹೆಸರು ಹಿಡಿದು ಹೀಯಾಳಿಸಿ ಸುಲಭವಾಗಿ ಬೈಸಿಕೊಂಡರೆ ಅದು 'ಚೀಪ್ ಹೀಟ್'. ಅದಕ್ಕೆ ಅವರೊಳಗೇ ಮರ್ಯಾದೆ ಕಮ್ಮಿ.

ಈಗ ಮುಖ್ಯ ವಿಷಯ. ಇನ್ನೊಂದು ಥರದ ಬೂ ಇದೆ. ಕಥೆಯಲ್ಲಿ ಮುಳುಗಿ ಕೂಗೋದಲ್ಲ ಅದು. ಇವನನ್ನು ನೋಡಿ ಸಾಕಾಯ್ತು, ಇವನಿದ್ದರೆ ಚಾನೆಲ್ ಬದಲಾಯಿಸ್ತೀವಿ ಅನ್ನೋ ಕೂಗು. ಅದಕ್ಕೆ 'ಗೋ-ಅವೇ ಹೀಟ್' ಅಂತಾರೆ, 'ತೊಲಗಾಚೆ' ಅಂದ ಹಾಗೆ. ಕಿವಿಗೆ ಎರಡೂ ಒಂದೇ ಥರ ಕೇಳುತ್ತೆ. ಒಂದರಿಂದ ಕಂಪನಿಗೆ ದುಡ್ಡು, ಇನ್ನೊಂದರಿಂದ ನಷ್ಟ. ಸ್ಕೈಲರ್‌ಗೆ ಬಂದದ್ದು ಎರಡನೆಯದು. ಖುಷಿಯಾಗಿ ಬೈದವರೂ ಅವಳು ಇನ್ನಷ್ಟು ಹೊತ್ತು ಇರಲಿ ಅಂತ ಯಾವತ್ತೂ ಕೇಳಲಿಲ್ಲ. ನಾನು ಅಳೆಯೋದು ಅಲ್ಲೇ.

'ಹೀಲ್ ಟರ್ನ್' ಅನ್ನೋ ಮಾತನ್ನೂ ಬರೆದಿಟ್ಟುಕೊಳ್ಳಿ, ಈಗ ಟಿವಿ ವಿಮರ್ಶೆಗಳಲ್ಲಿ ಧಾರಾಳವಾಗಿ ಬರುತ್ತೆ. ಒಳ್ಳೆಯವನು ಕೆಟ್ಟವರ ಕಡೆ ಹೊರಳೋದು. 1996ರ ಜುಲೈನಲ್ಲಿ ಹಲ್ಕ್ ಹೋಗನ್ ಹಾಗೆ ಹೊರಳಿದ. ವರ್ಷಗಟ್ಟಲೆ ಮಕ್ಕಳ ಕಣ್ಮಣಿ ಆಗಿದ್ದವನು ಎಲ್ಲರೂ ನೋಡ್ತಿದ್ದ ಹಾಗೇ ತನ್ನ ಕಡೆಯವನ ಮೇಲೇ ಹಾರಿದ. ಜನ ಕೈಗೆ ಸಿಕ್ಕ ಲೋಟ, ಕಸ ಎಲ್ಲ ರಿಂಗಿನೊಳಕ್ಕೆ ತೂರಿದರು. ರಿಂಗ್ ತುಂಬಾ ಕಸ, ಅದರ ನಡುವೆ ನಿಂತು ಅವನು ಮಾತಾಡ್ತಾನೆ. ಅವನ ವೃತ್ತಿ ಮತ್ತೆ ಚಿಗುರಿದ್ದು ಆ ರಾತ್ರಿಯೇ.

ಹಾಸನದ ಮೇಷ್ಟ್ರು
'ಗೋ-ಅವೇ ಹೀಟ್' ನನಗೆ ಹೊಸದು. ಬಹಳ ಉಪಯೋಗದ ಮಾತು. ಇದೇ ಅಳತೆಯಲ್ಲಿ ನೋಡಿದರೆ 'ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಶನ್'ನ ವೆಸ್ಲಿ ಕ್ರಷರ್ ಕೂಡ ಎರಡನೇ ಗುಂಪಿಗೇ ಸೇರುತ್ತಾನೆ. 1987ರಲ್ಲಿ ಶುರುವಾದ ಧಾರಾವಾಹಿ ಅದು. ವೆಸ್ಲಿ ಹದಿಹರೆಯದ ಜಾಣ ಹುಡುಗ. ದೊಡ್ಡವರು ಇವನ ಮಾತು ಕೇಳಲ್ಲ, ಕೊನೆಗೆ ಇವನೇ ಬಾಹ್ಯಾಕಾಶ ಹಡಗು ಉಳಿಸ್ತಾನೆ. ಬರೆದವರಿಗೆ ಅವನ ಮೇಲೆ ಎಷ್ಟು ಪ್ರೀತಿ ಅಂದರೆ, ಧಾರಾವಾಹಿ ಕಟ್ಟಿದ ಜೀನ್ ರಾಡನ್‌ಬೆರಿಯ ನಡು ಹೆಸರೇ ವೆಸ್ಲಿ. ನೋಡೋರಿಗೆ ಮಾತ್ರ ಮೈ ಪರಚಿಕೊಳ್ಳೋ ಹಾಗಾಗ್ತಿತ್ತು. ಆ ಕಾಲದ ಇಂಟರ್ನೆಟ್ ಚರ್ಚಾಕೂಟ ಯೂಸ್‌ನೆಟ್‌ನಲ್ಲಿ ಅವನು ಸಾಯಲಿ ಅಂತಲೇ ಹೆಸರಿಟ್ಟುಕೊಂಡ ಗುಂಪೊಂದಿತ್ತು. ಪಾತ್ರ ಮಾಡಿದ ವಿಲ್ ವೀಟನ್ ಆಗ ಇನ್ನೂ ಹುಡುಗ, ಪಾಪ.

ಲೀಡ್ಸ್ ಕನ್ನಡಿಗ
ಬ್ರಿಟನ್ ಕಡೆಯ ಮಾತುಗಳ ಬಗ್ಗೆ ನಾನು ಹೇಳ್ತೀನಿ. ಇಲ್ಲಿಗೆ ಬಂದು ನೆಲೆಸಿದ ಮೇಲೆ ಆಫೀಸಿನ ಹರಟೆಯಲ್ಲಿ ಇವೆಲ್ಲ ದಿನಾ ಕಿವಿಗೆ ಬೀಳುತ್ತವೆ.

ಮಾರ್ಮೈಟ್ ಅಂದರೆ ಬ್ರೆಡ್ಡಿಗೆ ಹಚ್ಚುವ ಕಪ್ಪು ಅಂಟು. ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟ್‌ನಿಂದ ಮಾಡ್ತಾರೆ. ವಿಪರೀತ ಉಪ್ಪು, ಘಾಟು. 1902ರಿಂದ ಇದೆ. 1996ರಲ್ಲಿ ಅವರ ಜಾಹೀರಾತು 'ಲವ್ ಇಟ್ ಆರ್ ಹೇಟ್ ಇಟ್' ಅಂತ ಬಂತು. ಅದು ಎಷ್ಟು ಬೇರು ಬಿಟ್ಟಿತು ಅಂದರೆ ಈಗ ಮನುಷ್ಯರಿಗೂ, ಪಾತ್ರಗಳಿಗೂ 'ಮಾರ್ಮೈಟ್' ಅಂತಾರೆ. ತುಂಗೆತೀರ ಅವರೇ, ಇಲ್ಲಿ ಒಂದು ಎಚ್ಚರ. ಒಬ್ಬನಲ್ಲೇ ಎರಡು ಭಾವನೆ ಅನ್ನೋ ಅರ್ಥ ಇಲ್ಲಿಲ್ಲ. ಜನ ಎರಡು ಪಾಲಾಗ್ತಾರೆ ಅಂತ ಅರ್ಥ. ಅರ್ಧ ಜನ ತಲೆ ಮೇಲೆ ಹೊತ್ತುಕೊಳ್ತಾರೆ, ಅರ್ಧ ಜನಕ್ಕೆ ಕಂಡರಾಗಲ್ಲ, ನಡುವೆ ಯಾರೂ ಇಲ್ಲ. ಹಾಗಾಗಿ ಜೆ.ಆರ್. ಮಾರ್ಮೈಟ್ ಅಲ್ಲ. ಅವನ ವಿಷಯದಲ್ಲಿ ಎಲ್ಲರೂ ಒಂದೇ ಕಡೆ ಇದ್ದರು.

ಇನ್ನೊಂದು 'ಪ್ಯಾಂಟೊಮೈಮ್ ವಿಲನ್'. ಕ್ರಿಸ್‌ಮಸ್ ಹೊತ್ತಿಗೆ ಇಲ್ಲಿನ ಊರೂರಿನ ನಾಟಕ ಮಂದಿರಗಳಲ್ಲಿ ಪ್ಯಾಂಟೊ ಅಂತ ಮಕ್ಕಳ ನಾಟಕ ನಡೆಯುತ್ತೆ. ಖಳ ಬಂದ ತಕ್ಷಣ ಬೂ ಅನ್ನಲೇಬೇಕು, ಅದು ಪದ್ಧತಿ. ಅವನು ರಂಗದ ಎಡಗಡೆಯಿಂದ ಬರೋದೂ ಪದ್ಧತಿಯೇ. ಅವನು ಸಭೆಯ ಕಡೆ ತಿರುಗಿ 'ಬಾಯಿ ಮುಚ್ಚಿ' ಅಂತಾನೆ, ಮಕ್ಕಳು ಇನ್ನೂ ಜೋರಾಗಿ ಕಿರುಚುತ್ತಾರೆ. ನಮ್ಮ ಪಕ್ಕದ ಸೀಟಿನಲ್ಲಿ ಕೂತ ಅಜ್ಜಿಯೊಬ್ಬರು ಕೈಯನ್ನು ಬಾಯಿಗೆ ಸುತ್ತಿಟ್ಟುಕೊಂಡು ಕೂಗ್ತಿದ್ದರು, ಮೊಮ್ಮಕ್ಕಳಿಗಿಂತ ಜೋರಾಗಿ. ಯಾರ ಮನಸ್ಸಲ್ಲೂ ನಿಜವಾದ ಸಿಟ್ಟಿಲ್ಲ. ಅದಕ್ಕೇ ಪತ್ರಿಕೆಯವರು ಯಾರನ್ನಾದರೂ 'ಪ್ಯಾಂಟೊಮೈಮ್ ವಿಲನ್' ಅಂದರೆ, ಈ ದ್ವೇಷ ಒಂದು ಆಟ ಅನ್ನೋ ಸುಳಿವು ಅದರಲ್ಲೇ ಇರುತ್ತೆ.

ಟಿವಿಗೆ ಬಂದರೆ ಇಲ್ಲಿನ ಧಾರಾವಾಹಿ 'ಈಸ್ಟ್‌ಎಂಡರ್ಸ್'ನ ನಿಕ್ ಕಾಟನ್. 1985ರ ಮೊದಲ ಕಂತಿನಲ್ಲೇ ಒಬ್ಬ ಮುದುಕ ಸಾಯೋ ಸ್ಥಿತಿಯಲ್ಲಿ ಸಿಗುತ್ತಾನೆ, ಅದು ಇವನ ಕೆಲಸ. 'ನಾಸ್ಟಿ ನಿಕ್' ಅಂತಲೇ ಕರೀತಾರೆ. ಅವನ ತಾಯಿ ಡಾಟ್ ದೇವರನ್ನು ನಂಬಿದ ಹೆಂಗಸು, ಮಗ ಎಷ್ಟು ಸಲ ಕೈಕೊಟ್ಟರೂ ಕ್ಷಮಿಸ್ತಾಳೆ. 1990ರಲ್ಲಿ ದುಡ್ಡಿಗಾಗಿ ಆ ತಾಯಿಗೇ ವಿಷ ಹಾಕೋಕೆ ಹೊರಟ. ಆದರೂ 2015ರಲ್ಲಿ ಪಾತ್ರ ಸಾಯೋ ತನಕ ಅವನು ಮತ್ತೆ ಮತ್ತೆ ಬರ್ತಾನೇ ಇದ್ದ, ಜನ ಕಾಯ್ತಾನೇ ಇದ್ದರು. ಆ ತಾಯಿ ಇಲ್ಲದಿದ್ದರೆ ಅವನು ಬರೀ ರೌಡಿ. ಅವಳ ಕಣ್ಣಿನ ಆಸೆ ನೋಡಿದಾಗಲೇ ನಮಗೆ ಅವನ ಮೇಲೆ ರಕ್ತ ಕುದಿಯೋದು.

ಕರಾವಳಿ ಕೂಸು
ಪ್ಯಾಂಟೊ ಬಗ್ಗೆ ಓದಿ ನಮ್ಮ ಯಕ್ಷಗಾನದ ಬಣ್ಣದ ವೇಷ ನೆನಪಾಯಿತು. ಮಹಿಷಾಸುರ ಬರುವಾಗ ಮಲಗಿದ ಮಕ್ಕಳೆಲ್ಲ ಎದ್ದು ಕೂರುತ್ತಾರೆ. ಆದರೆ ನಾವು ಬೂ ಅನ್ನಲ್ಲ ಅಲ್ವಾ? ಹೆದರುತ್ತೇವೆ, ಮೆಚ್ಚುತ್ತೇವೆ, ವೇಷ ಹೇಗಿತ್ತು ಅಂತ ಬೆಳಗ್ಗೆ ಮಾತಾಡ್ತೇವೆ. ಅಲ್ಲಿ ದ್ವೇಷದ ಮಾತೇ ಇಲ್ಲ. ಹಾಗಾಗಿ ಬಣ್ಣದ ವೇಷಕ್ಕೆ 'ಲವ್ ಟು ಹೇಟ್' ಅನ್ನಲಾಗದು ಅಂತ ನನಗೆ ತೋರುತ್ತದೆ.

ಲೀಡ್ಸ್ ಕನ್ನಡಿಗ
ಸರಿಯಾಗಿ ಹೇಳಿದಿರಿ. ಬಣ್ಣದ ವೇಷದ ಮುಂದೆ ಕೂತವರಿಗೆ ಬೆರಗು ಜಾಸ್ತಿ.

ಒಂದು ಸೇರಿಸೋದು ಮರೆತೆ. 'ನಾಸ್ಟಿ ನಿಕ್' ಅನ್ನೋ ಹೆಸರು 2000ನೇ ಇಸವಿಯಲ್ಲಿ ಇನ್ನೊಬ್ಬರಿಗೂ ಬಿತ್ತು. 'ಬಿಗ್ ಬ್ರದರ್' ಬ್ರಿಟನ್‌ನ ಮೊದಲ ಸೀಸನ್, ಸ್ಪರ್ಧಿ ನಿಕ್ ಬೇಟ್‌ಮನ್. ನಮ್ಮ ಬಿಗ್ ಬಾಸ್‌ನ ಮೂಲ ಅದೇ ಕಾರ್ಯಕ್ರಮ, ಹುಟ್ಟಿದ್ದು 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ, ಕನ್ನಡಕ್ಕೆ ಬಂದದ್ದು 2013ರಲ್ಲಿ. ನಾಮಿನೇಶನ್ ಬಗ್ಗೆ ಮಾತಾಡಬಾರದು ಅನ್ನೋ ನಿಯಮ ಇದ್ದರೂ ನಿಕ್ ಚೀಟಿಯಲ್ಲಿ ಹೆಸರು ಬರೆದು ಇತರರಿಗೆ ತೋರಿಸ್ತಿದ್ದ. ಮನೆಯವರೇ ಪತ್ತೆ ಹಚ್ಚಿ ಎಲ್ಲರ ಎದುರು ಕೂರಿಸಿ ಕೇಳಿದರು. ಆಗಸ್ಟ್‌ನಲ್ಲಿ ಅವನನ್ನು ಹೊರಹಾಕಿದರು. ಪತ್ರಿಕೆಗಳಿಗೆ ಹಬ್ಬ.

ಆದರೆ ಅವನು ಪಾತ್ರ ಅಲ್ಲ, ಮನುಷ್ಯ. ಇಂಥ ಕಾರ್ಯಕ್ರಮಗಳಿಂದಲೇ 'ವಿಲನ್ ಎಡಿಟ್' ಅನ್ನೋ ಮಾತು ಬಂತು. ಗಂಟೆಗಟ್ಟಲೆ ಚಿತ್ರೀಕರಣದಲ್ಲಿ ಒಬ್ಬರು ಮುಖ ಸಿಂಡರಿಸಿದ ಕ್ಷಣಗಳನ್ನೇ ಆಯ್ದು ಜೋಡಿಸಿದರೆ ಅವರು ಖಳರಾಗ್ತಾರೆ. ಅಲ್ಲಿ ಬೈಯುವಾಗ ನಾನು ಸ್ವಲ್ಪ ತಡೀತೀನಿ.

ತುಂಗೆತೀರ
ಬರೆದುಕೊಳ್ಳೋಕೆ ಪುಸ್ತಕ ಸಾಲಲ್ಲ ಅನ್ನೋ ಹಾಗಾಗಿದೆ. ಎಲ್ಲರಿಗೂ ಋಣಿ. ಹೇಟ್-ವಾಚಿಂಗ್ ಉಳಿಯಿತು. 'ಜಂಪ್ ದ ಶಾರ್ಕ್' ಅಂತಲೂ ಒಂದು ಕಡೆ ನೋಡಿದೆ, ಅದೂ ಇದೇ ಗುಂಪಾ?

ಹಳೇ ಟಿವಿ
ಶಾರ್ಕ್ ಬೇರೆ ಕಥೆ. 'ಹ್ಯಾಪಿ ಡೇಸ್' ಧಾರಾವಾಹಿಯಲ್ಲಿ 1977ರಲ್ಲಿ ಫಾಂಜಿ ಅನ್ನೋ ಪಾತ್ರ ಚರ್ಮದ ಜಾಕೆಟ್ ಹಾಕಿಕೊಂಡೇ ನೀರಿನ ಮೇಲೆ ಜಾರುತ್ತಾ ಶಾರ್ಕ್ ಮೀನಿನ ಮೇಲಿಂದ ಹಾರ್ತಾನೆ. ಒಳ್ಳೇ ಧಾರಾವಾಹಿ ಹಳ್ಳ ಹಿಡಿಯಲು ಶುರುವಾದ ಗಳಿಗೆಗೆ ಆಮೇಲೆ ಆ ಹೆಸರು ಬಂತು. ದ್ವೇಷಕ್ಕೂ ಅದಕ್ಕೂ ಸಂಬಂಧ ಇಲ್ಲ.

ಹೇಟ್-ವಾಚಿಂಗ್ ಅಂದರೆ ಪಾತ್ರದ ಮೇಲಿನ ಸಿಟ್ಟಲ್ಲ, ಇಡೀ ಧಾರಾವಾಹಿ ಮೇಲಿನದು. ಚೆನ್ನಾಗಿಲ್ಲ ಅಂತ ಗೊತ್ತಿದ್ದೂ, ತಪ್ಪು ಹುಡುಕೋಕಂತಲೇ ಬಿಡದೆ ನೋಡೋದು. 2012ರಲ್ಲಿ ನ್ಯೂಯಾರ್ಕರ್‌ನ ವಿಮರ್ಶಕಿ ಎಮಿಲಿ ನುಸ್‌ಬಾಮ್ 'ಸ್ಮ್ಯಾಶ್' ಧಾರಾವಾಹಿ ಬಗ್ಗೆ ಬರೆಯುವಾಗ ಈ ಮಾತು ಬಳಸಿದರು, ಆಮೇಲೆ ಎಲ್ಲೆಡೆ ಓಡಾಡಿತು. 'ಲವ್ ಟು ಹೇಟ್'ನಲ್ಲಿ ಬರೆದವರು ಗೆದ್ದಿರ್ತಾರೆ. ಹೇಟ್-ವಾಚಿಂಗ್‌ನಲ್ಲಿ ಅವರು ಸೋತಿರ್ತಾರೆ.

ಸೀರಿಯಲ್ ಪ್ರಿಯೆ
ಇನ್ನೊಂದು ಥರ ಇದೆ ಅಲ್ವಾ? ಕೆಟ್ಟವರಲ್ಲ, ಆದರೆ ಕಿರಿಕಿರಿ. 'ಫ್ಯಾಮಿಲಿ ಮ್ಯಾಟರ್ಸ್'ನ ಸ್ಟೀವ್ ಅರ್ಕಲ್ ಹಾಗೆ. ದಪ್ಪ ಕನ್ನಡಕ, ಎದೆವರೆಗೆ ಎಳೆದ ಪ್ಯಾಂಟು, ಕೀರಲು ದನಿ. ಏನಾದರೂ ಒಡೆದುಹಾಕಿ 'ನಾನಾ ಮಾಡಿದ್ದು?' ಅಂತ ಕೇಳೋನು. ಪಕ್ಕದ ಮನೆಯವರಿಗೆ ತಲೆಚಿಟ್ಟು, ನೋಡೋರಿಗೆ ಮುದ್ದು.

ನೈಟ್ ಶಿಫ್ಟ್
ಹೌದು. ಅವನು ಒಂದೇ ಕಂತಿಗೆ ಅಂತ ಬಂದವನು, ಕೊನೆಗೆ ಧಾರಾವಾಹಿಯೇ ಅವನದಾಯಿತು. ಅದಕ್ಕೆ 'ಬ್ರೇಕ್‌ಔಟ್ ಕ್ಯಾರೆಕ್ಟರ್' ಅಂತಾರೆ. ಇದರ ಉಲ್ಟಾ ಸ್ಕ್ರ್ಯಾಪಿ-ಡೂ. ಸ್ಕೂಬಿ-ಡೂ ಕಾರ್ಟೂನು ನಿಂತೇಹೋಗುತ್ತೆ ಅನ್ನೋ ಹೊತ್ತಲ್ಲಿ, 1979ರಲ್ಲಿ ತಂದ ಮರಿನಾಯಿ. ಅದರಿಂದ ಕಾರ್ಟೂನು ಉಳಿಯಿತು. ಆದರೆ ಬೆಳೆದು ದೊಡ್ಡವರಾದ ಅಭಿಮಾನಿಗಳಿಗೆ ಅದನ್ನು ಕಂಡರಾಗಲ್ಲ. ಈಗ ಇಂಟರ್ನೆಟ್‌ನಲ್ಲಿ ಅಭಿಮಾನಿಗಳೇ ಸಹಿಸದ ಯಾವ ಪಾತ್ರಕ್ಕಾದರೂ 'ದ ಸ್ಕ್ರ್ಯಾಪಿ' ಅಂತಲೇ ಹೆಸರು.

ಹಾಸನದ ಮೇಷ್ಟ್ರು
ನನ್ನನ್ನು ಬಹಳ ದಿನದಿಂದ ಕಾಡುವ ಪಾತ್ರ ಒಂದಿದೆ. 'ಆಲ್ ಇನ್ ದ ಫ್ಯಾಮಿಲಿ'ಯ ಆರ್ಚಿ ಬಂಕರ್. 1971ರಲ್ಲಿ ಶುರುವಾಗಿ ಸತತ ಐದು ವರ್ಷ ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿದ್ದ ಧಾರಾವಾಹಿ. ಆರ್ಚಿ ತನ್ನ ಕುರ್ಚಿಯಲ್ಲಿ ಕೂತು ಕರಿಯರನ್ನು, ಯಹೂದಿಗಳನ್ನು, ಹೆಂಗಸರನ್ನು, ಸ್ವಂತ ಅಳಿಯನನ್ನು ಹಳಿಯುತ್ತಾ ಇರ್ತಾನೆ. ನಿರ್ಮಾಪಕ ನಾರ್ಮನ್ ಲಿಯರ್ ಉದ್ದೇಶ ಆ ಪೂರ್ವಗ್ರಹವನ್ನು ನಗೆಗೀಡು ಮಾಡೋದು. ಆದರೆ 1974ರಲ್ಲಿ ಪ್ರಕಟವಾದ ವಿಡ್ಮಾರ್ ಮತ್ತು ರೋಕೀಚ್ ಅವರ ಅಧ್ಯಯನ ಬೇರೆಯದೇ ತೋರಿಸಿತು. ಪೂರ್ವಗ್ರಹ ಜಾಸ್ತಿ ಇದ್ದ ನೋಡುಗರು ಆರ್ಚಿಯನ್ನೇ ಮೆಚ್ಚಿಕೊಂಡಿದ್ದರು, ಅವನು ಹೇಳೋದರಲ್ಲಿ ಹುರುಳಿದೆ ಅಂದುಕೊಂಡಿದ್ದರು.

ಅವನನ್ನು ಇಂಗ್ಲಿಷ್‌ನಲ್ಲಿ 'ಲವಬಲ್ ಬಿಗಟ್' ಅಂತ ಬರೀತಾರೆ, ಅಂದರೆ ಪೂರ್ವಗ್ರಹ ತುಂಬಿದ್ದರೂ ಮುದ್ದು ಬರಿಸುವವನು ಅಂತ. ಆ 'ಲವಬಲ್' ನೋಡಿದಾಗೆಲ್ಲ ನನಗೆ ಮುಜುಗರ. ಕ್ಯಾರಲ್ ಓಕಾನರ್ ನಟನೆ ಅಷ್ಟು ಚೆನ್ನಾಗಿತ್ತು, ಅದಕ್ಕೇ ಅವನ ಮಾತಿನ ವಿಷವೂ ಸಲೀಸಾಗಿ ಒಳಗಿಳಿಯಿತು. ಒಬ್ಬೊಬ್ಬರು ಒಂದೊಂದು ಕಾರಣಕ್ಕೆ ನಕ್ಕರು. ಇವನಿಗೆ ಇಲ್ಲಿ ಬಂದ ಯಾವ ಮಾತೂ ಪೂರ್ತಿ ಹೊಂದಲ್ಲ.

ರಿಂಗ್ ಸೈಡ್
ಸರ್, ನಮ್ಮ ಭಾಷೆಯಲ್ಲಿ ಹೇಳೋದಾದರೆ ಹೀಲ್ ಅಂತ ಕಳಿಸಿದವನನ್ನು ಅರ್ಧ ಜನ ಫೇಸ್ ಅಂತ ಕೈಹಿಡಿದರು. ಕುಸ್ತಿಯಲ್ಲೂ ಆಗುತ್ತೆ. ಅಲ್ಲಾದರೆ ಮುಂದಿನ ವಾರ ಕಥೆ ಬದಲಾಯಿಸ್ತಾರೆ.

ತುಂಗೆತೀರ
ಆರ್ಚಿಗೆ ಬೇರೆಯೇ ಬರಹ ಬೇಕು ಅನ್ನಿಸ್ತಿದೆ, ಇದರಲ್ಲಿ ತುರುಕಲ್ಲ.

ಈಗ ಜೆ.ಆರ್. ಬಗ್ಗೆ ಮೊದಲ ಸಾಲು ಹೀಗೆ ಬರೆದಿದ್ದೇನೆ, ನೋಡಿ ಹೇಳಿ: 'ಬಿಸಿ ತುಪ್ಪದ ಹಾಗೆ ನುಂಗಲೂ ಆಗದ, ಉಗುಳಲೂ ಆಗದ ಪಾತ್ರ.'

ಕರಾವಳಿ ಕೂಸು
ಬಿಸಿ ತುಪ್ಪ ಬೇಡ ಮೇಡಂ. ಅದು ಸಂಕಟದ ಮಾತು. ಜೆ.ಆರ್.ನನ್ನು ನೋಡೋರಿಗೆ ಸಂಕಟ ಇರಲಿಲ್ಲ, ಗಮ್ಮತ್ತಿತ್ತು. 'ಬೈಯೋಕಂತಲೇ ವಾರವಿಡೀ ಕಾದು ನೋಡುತ್ತಿದ್ದ ಪಾತ್ರ' ಅಂತ ಬರೆಯಿರಿ.

ಹಾಸನದ ಮೇಷ್ಟ್ರು
ಕರಾವಳಿಯವರ ಸಾಲಿಗೆ ನನ್ನ ಓಟು. 'ಅಮೆರಿಕನ್ನರು' ಅನ್ನೋದನ್ನು ಮುಂದೆ ಸೇರಿಸಿಕೊಳ್ಳಿ. 'ಪಾತ್ರ' ಅನ್ನೋ ಪದ ಮಾತ್ರ ಬಿಡಬೇಡಿ, 'ಬೈಯೋಕಂತಲೇ ನೋಡುತ್ತಿದ್ದ ಹ್ಯಾಗ್‌ಮನ್' ಅಂತಾದರೆ ಬೈಗುಳ ನಟನಿಗೆ ಹೋಗುತ್ತೆ.

ತುಂಗೆತೀರ
ಹಾಗೇ ಬದಲಾಯಿಸಿದೆ ಸರ್. 'ವಿಲನ್ ಎಡಿಟ್' ಮತ್ತು 'ಗೋ-ಅವೇ ಹೀಟ್' ಎರಡಕ್ಕೂ ಒಂದೊಂದು ಪ್ಯಾರಾ ಕೊಡ್ತಿದ್ದೇನೆ. ಸ್ಕೈಲರ್ ಭಾಗ ಬರೆದು ಮುಗಿಸಿ ಇಲ್ಲೇ ಹಾಕ್ತೀನಿ. ನೈಟ್ ಶಿಫ್ಟ್ ಮತ್ತು ಸೀರಿಯಲ್ ಪ್ರಿಯೆ ಇಬ್ಬರೂ ಒಮ್ಮೆ ಓದಿ ನೋಡಬೇಕು.